ಎಡಗಡೆಯ ಹಸಿರು ದೀಪ

"ಇಲ್ಲೊಂದು, ಕೆಳಗೊಂದು. ಎರಡು ಸಹಿ ಮಾಡ್ರಿ, ನಿಮ್ಮ ಕೆಲಸ ಮುಗೀತು," ಎಂದು ಸಬ್ ಇನ್ಸ್‌ಪೆಕ್ಟರ್ ಕಲ್ಮೇಶ ಹೇಳಿಕೆಯ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದ.

ಭಾರ್ಗವ ಪೆನ್ನಿನ ಟೋಪಿ ತೆಗೆದು ಓದತೊಡಗಿದ. ನಾಲ್ಕೇ ಸಾಲು. 'ಇಂಟರ್‌ನೆಟ್ ಕಂಪನಿಯ ತಂತ್ರಜ್ಞನಾದ ನಾನು ಮಂಗಳವಾರ ಮುಂಜಾನೆ ಎಂಟು ಗಂಟೆ ಮೂರು ನಿಮಿಷಕ್ಕೆ ಸವದತ್ತಿಯ ಈ ಕಾಲೇಜಿನ ನೆಟ್‌ವರ್ಕ್ ಕೋಣೆಯಲ್ಲಿದ್ದೆ. ರೌಟರಿನ ಎರಡೂ ಪವರ್ ಸಪ್ಲೈ ದೀಪಗಳು ಹಸಿರಾಗಿ ಉರಿಯುತ್ತಿದ್ದುದನ್ನು ಕಣ್ಣಾರೆ ಕಂಡು ಫೋಟೋ ತೆಗೆದಿದ್ದೇನೆ.'

'ಕಣ್ಣಾರೆ' ಎಂಬಲ್ಲಿಗೆ ಬಂದಾಗ ಅವನ ಕಿವಿಯ ತುದಿ ಬಿಸಿಯಾಯಿತು.

ಆ ಮಂಗಳವಾರ ಒಂಬತ್ತೂ ನಲವತ್ತಕ್ಕೆ, ದಿನವೂ ಹೋಗುವಂತೆ, ಊರಿನ ಕರೆಂಟು ಹೋಗಿತ್ತು. ಅದರ ಬೆನ್ನಿಗೇ ಈ ರೌಟರು ಸತ್ತು, ಗಣಿತದ ಪ್ರಶ್ನೆಪತ್ರಿಕೆಯ ಟ್ರಂಕನ್ನು ಕಾಯುತ್ತಿದ್ದ ಕ್ಯಾಮೆರಾ ಇಪ್ಪತ್ತೆರಡು ನಿಮಿಷ ಕುರುಡಾಗಿ, ಅಷ್ಟರಲ್ಲಿ ಯಾರೋ ಒಂದು ಕಟ್ಟಿನ ಮುದ್ರೆ ಒಡೆದಿದ್ದರು.

ಆ 'ಯಾರೋ' ಎಂಬುದಕ್ಕೆ ಪೊಲೀಸರು ಇಟ್ಟ ಹೆಸರು ಬಾಗಿಲ ಹೊರಗೆ, ಪಡಸಾಲೆಯ ಗೋಡೆಗೊರಗಿ ಕುಳಿತಿತ್ತು. ಅನ್ನಪೂರ್ಣಾ, ಕಾಲೇಜಿನ ಕಸ ಹೊಡೆಯುವವಳು, ಈ ಕೋಣೆಯ ಕೀಲಿಕೈ ಸೊಂಟದಲ್ಲಿಟ್ಟುಕೊಂಡವಳು. ಮೂರು ದಿನದಿಂದ ಅವಳಿಗೆ ಮುಂಜಾನೆ ಠಾಣೆ, ಸಂಜೆ ಮನೆ. ಭಾರ್ಗವನ ಸಹಿ ಬಿದ್ದರೆ ಮಧ್ಯಾಹ್ನಕ್ಕೆ ಅವಳು ಜೀಪು ಹತ್ತಬೇಕು, ಆರೋಪಿ ಎಂದು ಕೋರ್ಟಿನ ಮುಂದೆ ನಿಲ್ಲಬೇಕು. ಆಮೇಲೆ ಅವಳಿಗೆ ಯಾರೂ ಒಂದು ಮನೆಯ ಕೀಲಿಯನ್ನೂ ಕೊಡುವುದಿಲ್ಲ.

"ತಡಿ ಕಲ್ಮೇಶ," ಎಂಬ ದನಿ ರೌಟರಿನ ಕಪಾಟಿನ ಹಿಂದಿನಿಂದ ಬಂತು.

ತಾರಾಬಾಯಿ ಸೀರೆಯ ಸೆರಗಿನಿಂದ ಧೂಳು ಕೊಡವಿಕೊಂಡು ಈಚೆ ಬಂದರು. ಬೈಲಹೊಂಗಲದಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಪೊಲೀಸರು ಕೈಬಿಟ್ಟ ಒಂದೆರಡು ಪ್ರಕರಣಗಳನ್ನು ಬಿಡಿಸಿ, ಬೇಡವೆಂದರೂ ಜನ ಹುಡುಕಿಕೊಂಡು ಬರುವಂತಾಗಿತ್ತು. ನಿನ್ನೆ ಅನ್ನಪೂರ್ಣಾಳ ತಾಯಿ ಚನ್ನವ್ವ ಅವರ ಮನೆಯ ಕಟ್ಟೆಯ ಮೇಲೆ ಕುಳಿತವಳು, ಅವರು "ಬರ್ತೀನವ್ವಾ" ಅನ್ನುವವರೆಗೆ ಎದ್ದಿರಲಿಲ್ಲ.

"ಬಾಯಾರ, ಹನ್ನೆರಡಕ್ಕ ನಾ ಕೋರ್ಟಿಗೆ ಹೊಂಡಬೇಕ್ರಿ."

"ಕೋರ್ಟು ಎಲ್ಲೂ ಓಡಿ ಹೋಗೂದಿಲ್ಲ. ನಿನ್ನ ಪಾಸ್ ಮಾಡ್ಲಿಕ್ಕೆ ನಾ ಎರಡು ವರ್ಷ ಕಾದೀನಿ. ನೀ ಐದು ನಿಮಿಷ ಕಾಯಿ."

ಬಾಗಿಲಲ್ಲಿದ್ದ ಪೇದೆ ಕೆಮ್ಮಿದಂತೆ ಮಾಡಿ ಮುಖ ಆಚೆ ತಿರುಗಿಸಿದ. ಕಲ್ಮೇಶ ಕುರ್ಚಿಗೆ ಬೆನ್ನು ಕೊಟ್ಟ.

"ಭಾರ್ಗವಾ, ಈ ಎರಡು ದೀಪದ ಲೆಕ್ಕ ಏನದ? ಶಂಕರೆಪ್ಪನವರಿಗೂ ತಿಳಿಯೂ ಹಂಗ ಹೇಳು."

ಕಾಲೇಜಿನ ಸೂಪರಿಂಟೆಂಡೆಂಟ್ ಶಂಕರೆಪ್ಪ ಹುಬ್ಬು ಗಂಟಿಕ್ಕಿದ. ಭಾರ್ಗವ ಎದ್ದು ರೌಟರಿನ ಬಳಿ ಹೋದ. ಕಾಲೇಜಿನಲ್ಲಿ ತಾರಾಬಾಯಿಯವರಿಂದಲೇ ಕಲಿತ ಪಾಠವನ್ನು ಅವರಿಗೇ ಒಪ್ಪಿಸಬೇಕಾಗಿ ಬಂದಾಗ ಮತ್ತೆ ಹದಿನೆಂಟರ ಹುಡುಗನಾದಂತೆನಿಸಿತು.

"ಒಂದ ಗಾಡಿಗೆ ಎರಡು ಎತ್ತು ಇದ್ದಂಗ್ರಿ. ಎಡಗಡೆ ಸಪ್ಲೈಗೆ ಬ್ಯಾಟರಿಯಿಂದ ಕರೆಂಟು ಬರ್ತದ. ಬಲಗಡೆದಕ್ಕ ಊರಿನ ಲೈನಿಂದ. ಒಂದು ಬಿದ್ರ ಇನ್ನೊಂದು ಎಳೀತದ. ದೀಪ ಹಸಿರಿದ್ರ ಎತ್ತು ಗಟ್ಟಿ ಅದ ಅಂತ. ಆರಿದ್ರ ಇಲ್ಲ ಅಂತ."

"ಅಂದ್ರ ಊರಿನ ಕರೆಂಟು ಹೋದ್ರೂ ಇದು ಸಾಯಬಾರದಿತ್ತು."

"ಸಾಯಬಾರದಿತ್ರಿ. ಹಿಂದ ಬ್ಯಾಟರಿ ವೈರು ಸಡಿಲಾಗಿತ್ತು. ಅರ್ಧ ಇಂಚು ಹೊರಗ ಎಳೆದಿದ್ರು."

"ಅದನ್ನ ನಾನೂ ಹೇಳಾಕತ್ತೇನಿ," ಎಂದು ಕಲ್ಮೇಶ ಮುಂದೆ ಬಾಗಿದ. "ಎಂಟಕ್ಕ ಫೋಟೋದಾಗ ಎಡಗಡೆ ದೀಪ ಹಸಿರ ಐತಿ. ಒಂಬತ್ತೂ ನಲವತ್ತಕ್ಕ ವೈರು ಸಡಿಲ. ನಡುವ ಈ ಕೋಣಿಗೆ ಹೊಕ್ಕಾಕಿ ಅನ್ನಪೂರ್ಣಾ ಒಬ್ಬಾಕಿ. ಮತ್ತೇನ ಉಳೀತ್ರಿ?"

"ಅಷ್ಟ ಅಲ್ಲ," ಎಂದ ಶಂಕರೆಪ್ಪ. "ಇಲ್ನೋಡ್ರಿ, ಮಷೀನ್ ಮೈತುಂಬ ಭಂಡಾರ! ಕೈ ಹಚ್ಚ್ಯಾಳ ಅನ್ನೂದಕ್ಕ ಬ್ಯಾರೆ ಸಾಕ್ಷಿ ಬೇಕೇನ್ರಿ?"

ರೌಟರಿನ ಕಪ್ಪು ಹಣೆಯ ಮೇಲೆ ಮೂರು ಬೆರಳಿನ ಹಳದಿ ಪಟ್ಟೆ ಎದ್ದು ಕಾಣುತ್ತಿತ್ತು. ಒಂದಿಷ್ಟು ಅರಿಶಿನದ ಪುಡಿ ಎಡಗಡೆಯ ದೀಪದ ಅಂಚಿಗೂ ಕೂತಿತ್ತು.

ತಾರಾಬಾಯಿ ಬಾಗಿಲ ಕಡೆ ತಿರುಗಿದರು. "ಅನ್ನಪೂರ್ಣಾ, ಒಳಗ ಬಾ. ಇದನ್ನ ಯಾವಾಗ ಹಚ್ಚಿದಿ?"

ಅನ್ನಪೂರ್ಣಾ ಹೊಸ್ತಿಲ ಮೇಲೆಯೇ ನಿಂತಳು. ಭಾರ್ಗವನ ಕಡೆ ನೋಡಲಿಲ್ಲ. ಮೂರು ದಿನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಚುಚ್ಚುತ್ತಿದ್ದುದು.

"ಸೋಮಾರ ಸಂಜೀಕ್ರಿ. ಹುಣ್ಣಿಮಿ ಇತ್ತಲ್ರಿ, ಎಲ್ಲವ್ವನ ಗುಡ್ಡಕ್ಕ ಹೋಗಿ ಬಂದಿದ್ದೆ. ಮರುದಿನ ಹುಡುಗೂರ ಪರೀಕ್ಷಾ. ಎಲ್ಲವ್ವ ಕಾಯಲಿ ಅಂತ ಟ್ರಂಕಿನ ಕೋಣಿ ಬಾಗಲಕ್ಕೂ ಹಚ್ಚಿದೆ, ಇದಕ್ಕೂ ಹಚ್ಚಿದೆ."

"ಕಲ್ಮೇಶ, ಇದು ಖರೆ ಏನು?"

"ಖರೇರಿ. ಸೋಮವಾರ ಕ್ಯಾಮೆರಾ ಚಾಲೂನ ಇತ್ತು. ಆರೂ ಹದಿನೈದಕ್ಕ ಬಾಗಲಕ್ಕ ಭಂಡಾರ ಹಚ್ಚಿ, ಬಟ್ಲ ಹಿಡ್ಕೊಂಡು ಈ ಕಡಿಗೆ ಬಂದಾಳ. ನಾನ ನೋಡೇನಿ."

"ಛಲೋ ಆತು." ತಾರಾಬಾಯಿ ಫೈಲಿನಿಂದ ಫೋಟೋದ ಪ್ರತಿ ತೆಗೆದು ಭಾರ್ಗವನ ಕೈಗೆ ಕೊಟ್ಟರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅವನ ಮುಖವನ್ನೇ ನೋಡಿದರು. "ಇದು ಮಂಗಳವಾರ ಮುಂಜಾನೆ ಫೋಟೋ. ನೀ ನೋಡು. ನಾ ಏನೂ ಹೇಳೂದಿಲ್ಲ."

ಭಾರ್ಗವ ನೋಡಿದ. ನೋಡುವ ಅಗತ್ಯವಿರಲಿಲ್ಲ.

ಫೋಟೋದಲ್ಲಿ ಎರಡು ಹಸಿರು ದೀಪಗಳಿದ್ದವು. ರೌಟರಿನ ಹಣೆ ಕರ್ರಗೆ, ಸ್ವಚ್ಛವಾಗಿ, ತೊಳೆದಿಟ್ಟ ಕಲ್ಲಿನಂತೆ ಇತ್ತು. ಒಂದು ಚಿಟಿಕೆ ಹಳದಿಯೂ ಇರಲಿಲ್ಲ.

ಆ ಫೋಟೋ ತೆಗೆದ ಗಳಿಗೆ ಅವನಿಗೆ ಚೆನ್ನಾಗಿ ನೆನಪಿತ್ತು. ಶನಿವಾರ ಮಧ್ಯಾಹ್ನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ನಾಲ್ಕು ಊರು, ನಾಲ್ಕು ಕೋಣೆ, ಒಂದೇ ಬೈಕು. ನಾಲ್ಕೂ ಕಡೆಯ ದೀಪಗಳ ಫೋಟೋ ದಿನಾ ಮುಂಜಾನೆ ಎಂಟಕ್ಕೆ ಕಂಪನಿಯ ಗ್ರೂಪಿಗೆ ಬೀಳಬೇಕು. ಎಂಟು ಗಂಟೆಗೆ ನಾಲ್ಕು ಊರಿನಲ್ಲಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಮೊದಲ ತಿಂಗಳು ಅವನು ಪ್ರಾಮಾಣಿಕವಾಗಿ ಒದ್ದಾಡಿದ. ಕಚೇರಿಗೆ ಬರೆದ. "ಫೋಟೋ ಬಂದ್ರ ಸಾಕು" ಎಂದು ಉತ್ತರ ಬಂತು.

ಅಂದಿನಿಂದ ಅವನು ವಾರಕ್ಕೊಮ್ಮೆ ಹೋಗಿ, ಒಂದೊಂದು ಕೋಣೆಯಲ್ಲಿ ಏಳೇಳು ಫೋಟೋ ತೆಗೆಯತೊಡಗಿದ್ದ.

ನಾಚಿಕೆ ಎನಿಸುತ್ತಿದ್ದುದು ಸುಳ್ಳಿಗಲ್ಲ, ಆ ಸುಳ್ಳಿಗೆ ತಾನು ಸುರಿದ ಶ್ರದ್ಧೆಗೆ. ಒಂದು ಫೋಟೋ ನೇರಕ್ಕೆ. ಒಂದು ತುಸು ಎಡಕ್ಕೆ ವಾಲಿಸಿ. ಒಂದಕ್ಕೆ ಕೋಣೆಯ ದೀಪ ಆರಿಸಿ. ಒಂದರಲ್ಲಿ ಹೆಬ್ಬೆರಳಿನ ನೆರಳು, ಅವಸರದಲ್ಲಿ ತೆಗೆದಂತೆ. ಯಾವುದೂ ಯಾವುದನ್ನೂ ಹೋಲದಂತೆ ನೋಡಿಕೊಂಡು, ವಾರಗಳ ಹೆಸರು ಬರೆದು ಸಾಲಾಗಿ ಇಟ್ಟುಕೊಳ್ಳುತ್ತಿದ್ದ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಎಲ್ಲರೂ ಹಿಂದಿನ ವರ್ಷದ ರೀಡಿಂಗ್ ನಕಲು ಮಾಡುವಾಗ ತಾನೊಬ್ಬನೇ ಲೋಲಕವನ್ನು ಮತ್ತೆ ಮತ್ತೆ ತೂಗಿ ಎಣಿಸಿದವನು. ಆ ದಾಖಲೆ ಪುಸ್ತಕವನ್ನು ತಾರಾಬಾಯಿ ಇಡೀ ತರಗತಿಯ ಮುಂದೆ ಎತ್ತಿ ಹಿಡಿದಿದ್ದರು.

ಅವರು ಈಗಲೂ ಅವನ ಮುಖವನ್ನೇ ನೋಡುತ್ತಿದ್ದರು. ಬೈದಿದ್ದರೆ ಬದುಕಬಹುದಿತ್ತು.

ಸಹಿ ಮಾಡಿದರೆ ನೌಕರಿ ಉಳಿಯುತ್ತದೆ. ಮಾಡದಿದ್ದರೆ ಸಾಕ್ಷಿಯಾಗಿ ಬಂದವನು ಏನಾಗಿ ಹೊರಗೆ ಹೋಗುತ್ತಾನೋ ತಿಳಿಯದು. ಬೈಲಹೊಂಗಲದ ಓಣಿಯಲ್ಲಿ ತ್ರ್ಯಂಬಕ ಶಾಸ್ತ್ರಿಗಳ ಮಗ ಎಂಬ ಹೆಸರಿಗೆ ನಾಳೆಯಿಂದ ಯಾವ ಬಾಲ ಅಂಟುತ್ತದೋ.

ಹೊಸ್ತಿಲ ಮೇಲೆ ಅನ್ನಪೂರ್ಣಾಳ ಪಾದಗಳು ಕಾಣುತ್ತಿದ್ದವು. ಒಂದು ಚಪ್ಪಲಿಯ ಉಂಗುಟಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು.

"ಬಾಯಾರ," ಎಂದ ಭಾರ್ಗವ. "ಇದು ಮಂಗಳವಾರದ್ದಲ್ರಿ. ಶನಿವಾರದ್ದು. ಮಂಗಳವಾರ ನಾ ಇಲ್ಲಿಗೆ ಬಂದಿಲ್ಲ. ನಾ ಯಾವ ಮಂಗಳವಾರನೂ ಬರೂದಿಲ್ಲ."

ಕಲ್ಮೇಶ ಹೇಳಿಕೆಯ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡ.

"ಏನಂದ್ರಿ?" ಎಂದ ಕಲ್ಮೇಶ.

ಭಾರ್ಗವ ಫೋನು ತೆರೆದು ಮೇಜಿನ ಮೇಲಿಟ್ಟ. ಶನಿವಾರದ ಏಳು ಫೋಟೋಗಳು. ಕೊನೆಯ ಎರಡು, ನಾಳೆಯದು ಮತ್ತು ನಾಡಿದ್ದಿನದು, ಇನ್ನೂ ಕಳಿಸದೆ ಉಳಿದಿದ್ದವು. ಎರಡರಲ್ಲೂ ದೀಪಗಳು ಹಸಿರಾಗಿದ್ದವು.

ಕಲ್ಮೇಶ ಒಂದೊಂದನ್ನೇ ಸರಿಸಿ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. "ಅಂದ್ರ ಈ ಹೆಣ್ಮಗಳನ್ನ ನಾ ಮೂರು ದಿನ ಠಾಣೆದಾಗ ಕುಂದರಿಸಿದ್ದು ನಿಮ್ಮ ಈ ಸುಳ್ಳಿನ ಮ್ಯಾಲೇನ್ರೀ?"

"ಹೌದ್ರಿ."

"ನಾಡಿದ್ದಿನ ಫೋಟೋನೂ ತಯಾರ್ ಇಟ್ಟೀರಿ! ಪಂಚಾಂಗ ಬರದಂಗ!"

"ಶಾಸ್ತ್ರಿಗಳ ಮಗ ಅಂತ ನಾವು ಚಹಾ ತರಿಸಿ ಕೊಡತಿದ್ವಿ," ಎಂದು ಶಂಕರೆಪ್ಪ ತಲೆ ಕೊಡವಿದ. ಐದು ನಿಮಿಷದ ಹಿಂದೆ ಅನ್ನಪೂರ್ಣಾಳತ್ತ ಚಾಚಿದ್ದ ಬೆರಳು ಎಷ್ಟು ಸಲೀಸಾಗಿ ಈ ಕಡೆ ತಿರುಗಿತ್ತು! "ಕಲತವ್ರ ಹಣೇಬರಾನ ಇಷ್ಟು ನೋಡ್ರಿ."

ಭಾರ್ಗವ ತಲೆ ತಗ್ಗಿಸಿದ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಯಾರೋ ಅಂದದ್ದು ಸುಳ್ಳು. ಈಗ ಅದು ಎಲ್ಲರಿಗೂ ಕಾಣುವಂತೆ ಹೊರಗೆ ಬಂದಿತ್ತು, ಅಷ್ಟೇ.

ತಾರಾಬಾಯಿ ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ಹೊಸ್ತಿಲ ಮೇಲಿತ್ತು.

"ಅನ್ನಪೂರ್ಣಾ, ನೀ ಏಳಕ್ಕ ಬರ್ತಿ. ಈ ಪಡಸಾಲಿ ಕಸಾ ಹೊಡೀತಿ. ಮಂಗಳವಾರ ಇಂವ ಬರಲಿಲ್ಲ ಅಂತ ನಿನಗ ಗೊತ್ತಿತ್ತು. ಒಂದ ಮಾತು ಹೇಳಿದ್ರ ಮೊದಲ ದಿನನ ಮನೀಗೆ ಹೋಗ್ತಿದ್ದಿ. ಯಾಕ ಹೇಳಲಿಲ್ಲ?"

ಅನ್ನಪೂರ್ಣಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಮೊದಲ ಸಲ ಭಾರ್ಗವನತ್ತ ನೇರ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಹಳ ಹೊತ್ತು ಬಸ್ಸು ಕಾದವರ ದಣಿವಿತ್ತು.

"ಮಾತ ಕೊಟ್ಟಿದ್ನಿರಿ. ಕೈಯಾಗ ಭಂಡಾರ ಇತ್ತು. ಭಂಡಾರ ಹಿಡಕೊಂಡು ಕೊಟ್ಟ ಮಾತ ಮುರದ್ರ ನಾಳೆ ನಾ ಗುಡ್ಡಾ ಹ್ಯಾಂಗ ಏರಲಿ? ಸಾಹೇಬ್ರು ತಾವ ಹೇಳ್ತಾರ, ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ ದಾರಿ ನೋಡಿದೆ. ಈಗ ಅವರ ಬಾಯಿಂದನ ಬಂತು. ಇನ್ನ ನನಗ ಆಣಿ ಇಲ್ಲ."

ಈ ಮೂರು ದಿನ ಅವನು ತನ್ನ ನೌಕರಿಯನ್ನು ಕಾದಿದ್ದ. ಈಕೆ ಅದೇ ನೌಕರಿಯನ್ನು ಠಾಣೆಯ ಬೆಂಚಿನ ಮೇಲೆ ಕುಳಿತು ಕಾದಿದ್ದಳು.

"ಯಾವ ಮಾತು? ಯಾರಿಗೆ ಕೊಟ್ಟಿ?" ಎಂದರು ತಾರಾಬಾಯಿ.

"ಸೋಮಾರ ಸಂಜೀಕ ಭಂಡಾರ ಹಚ್ಚಾಕ ಬಂದಾಗ ಎಡಗಡೆ ದೀಪ ಆರಿತ್ರಿ. ದಿನಾ ಹಸರ ಇರತಿತ್ತು. ಇವರ ನಂಬರಿಗೆ ಫೋನ್ ಹಚ್ಚಿದೆ."

"ನನಗ ಯಾವ ಫೋನೂ ಬಂದಿಲ್ಲ ಅನ್ನಪೂರ್ಣಕ್ಕಾ!" ಎಂದು ಭಾರ್ಗವ ಕೂಗಿಬಿಟ್ಟ.

"ನೀವ ಎತ್ತಲಿಲ್ರಿ. ನಿಮ್ಮ ಮನ್ಯಾವ್ರು ಎತ್ತಿದ್ರು. ದೀಪ ಆರೇತಿ ಅಂದೆ. 'ಯಾರ ಮುಂದನೂ ಅನಬ್ಯಾಡವಾ, ಅವ್ರು ದಿನಾ ಬರೂದಿಲ್ಲ ಅಂತ ಗೊತ್ತಾದ್ರ ನೌಕರಿ ಹೋಗ್ತದ, ನಾಳೆ ಮುಂಜಾನೆ ಬಂದು ಸರಿ ಮಾಡ್ತಾರ, ಆಣಿ ಮಾಡು' ಅಂದ್ರು. ಅಳಾಕತ್ತಿದ್ರು. ಕೈಯಾಗ ಭಂಡಾರ ಐತ್ರಿ, ಇದರ ಮ್ಯಾಲೆ ಆಣಿ, ಅಂದೆ."

ಅನ್ನಪೂರ್ಣಾ ತನ್ನ ಸಣ್ಣ ಫೋನು ತೆಗೆದು ತೋರಿಸಿದಳು. ಸೋಮವಾರ, ಆರೂ ಇಪ್ಪತ್ತು. ಒಂದು ನಿಮಿಷ ನಾಲ್ಕು ಸೆಕೆಂಡು ಮಾತು. ಭಾರ್ಗವ ತನ್ನ ಫೋನಿನ ಕರೆಗಳ ಪಟ್ಟಿ ಸರಿಸಿದ. ಸೋಮವಾರ ಐದೂ ಮುಕ್ಕಾಲಿಗೆ ರಾಮದುರ್ಗದ ಒಂದು ಕರೆ. ಏಳಕ್ಕೆ ಕಿತ್ತೂರಿನದು. ನಡುವೆ ಏನೂ ಇರಲಿಲ್ಲ.

"ಅಳಿಸ್ಯಾರ," ಎಂದ ಕಲ್ಮೇಶ.

"ಪರೀಕ್ಷಾದ ಹಿಂದಿನ ಸಂಜಿ," ಎಂದರು ತಾರಾಬಾಯಿ ನಿಧಾನವಾಗಿ. "ಇನ್ನೂ ಮುದ್ರಿ ಒಡೆದಿಲ್ಲ. ಯಾರಿಗೂ ಏನೂ ಆಗಿಲ್ಲ. ಆವಾಗನ ಒಬ್ಬಾಕಿಗೆ ಆ ದೀಪ ಆರಿದ ಸುದ್ದಿ ಹೊರಗ ಬೀಳಬಾರದಿತ್ತು. ಭಾರ್ಗವಾ, ಫೋಟೋದ ವಿಷಯ ನಿನ್ನ ಬಿಟ್ರ ಯಾರಿಗೆ ಗೊತ್ತಿತ್ತು?"

"ನನ್ನ ಹೆಂಡತಿಗೆ," ಎಂದ ಭಾರ್ಗವ. "ಆ ಹೊತ್ತಿಗೆ ನಾ ಸಂಧ್ಯಾವಂದನಕ್ಕ ಕೂತಿರ್ತೀನಿ. ಫೋನು ಹೊರಗ ಇರ್ತದ."

"ಹಚ್ಚು ಅಕೀಗೆ. ಸ್ಪೀಕರ್ ಹಾಕು. ಸೋಮವಾರ ಯಾರ ಫೋನರೆ ಬಂದಿತ್ತೇನು, ಇಷ್ಟ ಕೇಳು."

ಅವನಿಗೆ ಬೇಡವೆನ್ನುವ ಹಕ್ಕು ಇರಲಿಲ್ಲ. ಎಂಟು ವರ್ಷ ಜೊತೆ ಬಾಳಿದವಳನ್ನು ಪೊಲೀಸರ ಮೇಜಿನ ಮೇಲೆ ಗೊತ್ತಿಲ್ಲದಂತೆ ಕೂರಿಸುವುದು. ಅದನ್ನೂ ಅವನ ಬೆರಳೇ ಮಾಡಿತು.

"ಹಾಂ, ಹೇಳ್ರಿ," ಎಂದಳು ಜ್ಯೋತ್ಸ್ನಾ. ಹಿಂದೆ ಕುಕ್ಕರು ಕೂಗುತ್ತಿತ್ತು. "ಊಟಕ್ಕ ಬರ್ತೀರಿಲ್ಲೋ? ಝುಣಕಾ ಮಾಡೀನಿ."

"ಜ್ಯೋತ್ಸ್ನಾ... ಸೋಮವಾರ ಸಂಜೀಕ, ನಾ ಸಂಧ್ಯಾಕ್ಕ ಕೂತಾಗ, ಸವದತ್ತಿಯಿಂದ ಅನ್ನಪೂರ್ಣಕ್ಕನ ಫೋನ್ ಬಂದಿತ್ತೇನು?"

"ಯಾವ ಅನ್ನಪೂರ್ಣಕ್ಕ? ನನಗೇನ್ ಗೊತ್ರೀ, ನಾ ಹೋಳಿಗಿ ಲಟ್ಟಸ್ಲಿಕ್ಕೆ ಹತ್ತಿದ್ದೆ."

ಕಲ್ಮೇಶ ಹುಬ್ಬೇರಿಸಿ ಅರ್ಥಪೂರ್ಣವಾಗಿ ತಾರಾಬಾಯಿಯತ್ತ ನೋಡಿದ. ಆದರೆ ಅನ್ನಪೂರ್ಣಾ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಫೋನಿಗೆ ಕಿವಿಗೊಟ್ಟು, ತಲೆ ಅಡ್ಡಡ್ಡ ಆಡಿಸಿದಳು.

"ಇವರಲ್ರಿ," ಎಂದಳು. "ಆ ದನಿ ಬ್ಯಾರೆ. ಅದು ಸಣ್ಣ ದನಿ."

"ಯಾರ್ರೀ ಅದು?" ಜ್ಯೋತ್ಸ್ನಾಳ ಮಾತು ತಡೆಯಿತು. "ಸ್ಪೀಕರಿಗೆ ಹಾಕೀರೇನು ನನ್ನ?"

ಭಾರ್ಗವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಂದೇ ಮುಂಜಾನೆಯಲ್ಲಿ ಇಬ್ಬರು ಹೆಂಗಸರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದ. ಇಬ್ಬರೂ ಅವನಿಗಿಂತ ನೇರವಾಗಿದ್ದರು.

ತಾರಾಬಾಯಿ ಫೋನಿನ ಕಡೆ ಬಾಗಿದರು. "ನಾನವಾ, ತಾರಾಬಾಯಿ. ಗಾಬರಿ ಆಗಬ್ಯಾಡ. ಸೋಮವಾರ ಮನಿಯೊಳಗ ಮತ್ಯಾರು ಹೆಣ್ಮಕ್ಕಳಿದ್ರು?"

"ಅಯ್ಯ, ನೀವೇನ್ರಿ ಬಾಯಾರ! ಹುಣ್ಣಿಮಿ ಅಂತ ವರದಾನ್ನ ಊಟಕ್ಕ ಕರದಿದ್ವಿ. ಇವರ ಫೋನು ಅಕೀ ಕಡೇನ ಇತ್ತು. ಬಂತು ನೋಡ್ರಿ ಒಂದು ಫೋನು, ಹಿತ್ತಲಕ್ಕ ಹೋಗಿ ಮಾತಾಡಿದ್ಲು. ಇವರು ದೇವರ ಮನಿಯಿಂದ ಮಾತಾಡೂ ಹಂಗಿಲ್ಲಲ್ರಿ, 'ಹೂಂ?' ಅಂದ್ರು. 'ರಾಂಗ್ ನಂಬರ್, ಅಣ್ಣಾ' ಅಂದ್ಲು."

ಹೌದು. ಅಂದಿದ್ದಳು. ಅವನು ಕೇಳಿದ್ದ. ಕೇಳಿ, ಮತ್ತೆ ಕಣ್ಣು ಮುಚ್ಚಿ ಜಪಕ್ಕೆ ಕುಳಿತಿದ್ದ. ಹೆಂಡತಿಗೆ ಫೋಟೋದ ವಿಷಯ ಹೇಳಿದ ದಿನವೂ ಅವಳು ಅಲ್ಲೇ ಊಟಕ್ಕೆ ಕುಳಿತಿದ್ದದ್ದು ಈಗ ನೆನಪಾಯಿತು.

ಕಲ್ಮೇಶ ಹಾಳೆಯನ್ನು ಮಗುಚಿ, ಖಾಲಿ ಬದಿಯಲ್ಲಿ ಪೆನ್ನು ಊರಿದ. "ವರದಾ ಅಂದ್ರ ಯಾರು?"

"ನನ್ನ ತಂಗಿ."

"ಏನ್ ಮಾಡ್ತಾರ?"

"ಬೈಲಹೊಂಗಲದಾಗ... ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳ್ತಾಳ."

"ಯಾವ ವಿಷಯ?"

ಭಾರ್ಗವ ಬಾಯಿ ತೆರೆದ. ತಾರಾಬಾಯಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಉತ್ತರ ಅವರಿಗೆ ತಿಳಿದಿತ್ತು, ವರದಾಳೂ ಅವರ ಶಿಷ್ಯೆಯೇ. ಆದರೂ ಅದು ಅವನ ಬಾಯಿಂದಲೇ ಬರಲೆಂದು ಕಾದರು.

ಮೇಜಿನ ಮೇಲಿದ್ದ ಫೋನು ಮಾತ್ರ ಕಾಯಲಿಲ್ಲ.

"ಗಣಿತರೀ," ಎಂದಳು ಜ್ಯೋತ್ಸ್ನಾ, ಕುಕ್ಕರಿನ ಸದ್ದಿನ ಮೇಲೆ ದನಿ ಏರಿಸಿ. "ಯಾಕ್ರೀ, ಯಾರಿಗರೆ ಟ್ಯೂಷನ್ ಹಚ್ಚೂದದ ಏನು?"